ಅಡಿವೆಪ್ಪನ ಚಾಳೀಸು

ಹೂಂ ಅನ್ನಾಕ ನೀವಿದ್ರ ಹೇಳಾಕ ನಾ ಅದೀನಿ. ಹೂಂ ಅನ್ರಿ ಮತ್ತ.

ಕುಬಸದ ಖಣ ನೇಯೋ ಊರಾಗ ನಿಂಬೆವ್ವ ಅಂತ ಒಬ್ಬಾಕಿ ಮುದುಕಿ. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟಿ ಹೊರಿಯಾಕಿ. ಎರಡೂ ಕಣ್ಣಿಗೆ ಪೊರಿ ಬಂದಿತ್ತು, ಕೈಲೆ ಮುಟ್ಟಿ ಮುಟ್ಟಿ ಸುತ್ತಾಕಿ. ಆಕಿಗೆ ಒಬ್ಬನ ಮಗ, ಅಡಿವೆಪ್ಪ. ವಯಸ್ಸು ನಲವತ್ತಮೂರು, ಬುದ್ಧಿ ಬರೇ ಮೂರು. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಡಿಮಿ ಇಲ್ಲ.

"ನಾ ಸತ್ತಮ್ಯಾಲ ಇದರ ಗತಿ ಏನೋ ಶಿವನ!" ಅಂತ ನಿಂಬೆವ್ವ ದಿನಾ ಹಣಿ ಬಡಕೊಳ್ಳಾಕಿ.

ಅಡಿವೆಪ್ಪ ಖಣದ ಅಂಗಡ್ಯಾಗ ದುಡೀತಿದ್ದ. ಗಂಟು ಇಳಸೋದು, ಚೀಟಿ ಓದಿ ಕೊಡೋದು. ಇತ್ತಿತ್ತಲಾಗ ಕೈಯಾಗಿನ ಚೀಟಿನೂ ಕಾಣವಲ್ದು, ಎದುರಿನ ಮಂದಿನೂ ಕಾಣವಲ್ದು. ಸಾಹುಕಾರ ಅಂದ: "ಕಣ್ಣಿಗೆ ಚಾಳೀಸು ಹಾಕ್ಕೊಂಡು ಬಾ. ಇಲ್ಲಂದ್ರ ಬರಬ್ಯಾಡ."

ನಿಂಬೆವ್ವ ಮಗನ ಕೈ ಹಿಡಕೊಂಡು ಚಾಳೀಸಿನ ಅಂಗಡಿ ದಸ್ತಗೀರಸಾಬನ ಹತ್ತರ ಹೋದಳು. ಅಂವ ಹೊಸ ನಮೂನಿ ಗಾಜು ಹಾಕಿಕೊಟ್ಟ.

"ನೋಡಪಾ, ಇದರಾಗ ಗೆರಿ ಇಲ್ಲ, ಆದ್ರ ಮೂರು ನೋಟ ಅದಾವು. ದೂರದ್ದು ಮ್ಯಾಲಿಂದ ನೋಡು. ಓದೋದು ಕೆಳಗಿಂದ ನೋಡು. ನಡುವಿನದ್ದು ನಡುವ. ಹದಿನೈದು ದಿನ ನೆಲ ತೇಲಾಡತೈತಿ, ಮೆಟ್ಟಲ ಕುಣಿತಾವು. ಹೆದರಬ್ಯಾಡ, ತಗೀಬ್ಯಾಡ. ರೂಢಿ ಆಗತೈತಿ."

"ಹೂಂ ಸಾಬರ," ಅಂದ ಅಡಿವೆಪ್ಪ.

ಮರುದಿನ ಸಾಹುಕಾರ ಕೇಳಿದ: "ಅಡಿವ್ಯಾ, ಅಕಾ ಆ ತಿರುವಿನ್ಯಾಗ ಬರಾವ್ರು ಯಾರು? ನಮ್ಮ ಗಿರಾಕಿ ಹೌದೋ ಅಲ್ಲೋ ನೋಡು."

ತಿರುವು ದೂರ. ದೂರದ್ದು ಮ್ಯಾಲಿಂದ ನೋಡಬೇಕು. ಅಡಿವೆಪ್ಪ ಕೆರ ಮೆಟ್ಟಿಕೊಂಡೇ ಖಣದ ಗಂಟಿನ ಮ್ಯಾಲ ಹತ್ತಿದ! ಗಂಟಿನ ಮ್ಯಾಲ ಗಂಟು, ಅದರ ಮ್ಯಾಲ ಅಡಿವೆಪ್ಪ! ಎಲ್ಲಾ ಸೇರಿ ಸಾಹುಕಾರನ ಚಾದ ಕಪ್ಪಿನ ಮ್ಯಾಲ ಬಿದ್ದವು.

ನಿಂಬೆವ್ವಗ ಸುದ್ದಿ ಮುಟ್ಟಿತು. "ಅಯ್ಯ ನನ್ನ ಕರ್ಮನ! ಮ್ಯಾಲಿಂದ ಅಂದ್ರ ಗಾಜಿನ ಮ್ಯಾಲಿನ ಭಾಗದಿಂದ ಅಂತೋ! ದೂರದಾವ್ರನ್ನ ನೋಡುವಾಗ ತಲಿ ತಗ್ಗಿಸು, ಕಾಣತೈತಿ!"

"ಹೂಂ ಅವ್ವಾ."

ನಾಕು ದಿನಕ್ಕ ಅಂಗಡ್ಯಾಗ ಒಂದು ರೇಷ್ಮಿ ಖಣದ ಗಂಟು ಕಾಣದಾತು. ಸಾಹುಕಾರ ಆಳುಗಳನ್ನೆಲ್ಲಾ ಸಾಲಾಗಿ ನಿಲ್ಲಿಸಿ, ತಾ ಆ ಕಡೆ ಗಾದಿ ಮ್ಯಾಲ ಕುಂತು ಗುಡುಗಿದ: "ಯಾರಲೇ ಒಯ್ದಾವ್ರು? ನನ್ನ ನೋಡಿ ಹೇಳ್ರಿ!"

ಎಲ್ಲಾರೂ ನೆಟ್ಟಗ ನೋಡಿದ್ರು. ಸಾಹುಕಾರ ದೂರ ಕುಂತಾನಲ್ಲ, ಅಡಿವೆಪ್ಪ ತಲಿ ತಗ್ಗಿಸಿದ.

"ಸಿಕ್ಕನಲ್ಲ ಕಳ್ಳ! ತಲಿ ಯಾಕ ತಗ್ಗಿಸಿದಿ?"

"ನಿಮ್ಮ ಮಾರಿ ಕಾಣಲಿ ಅಂತರಿ!"

ನಾಕು ಏಟು ಹಾಕಿ ಹೊರಗ ಹಾಕಿದ್ರು. ಮೂರು ದಿನಕ್ಕ ಆ ಗಂಟು ಅದ ಗಾದಿ ಹಿಂದ ಸಿಕ್ಕಿತು. ಆದ್ರ ಸಾಹುಕಾರ ಕರೀಲಿಲ್ಲ. ಕಳ್ಳ ಅಂದ ಬಾಯಿಗೆ ಅಲ್ಲ ಅನ್ನಾಕ ನಾಚಿಕಿ ನೋಡ್ರಿ.

ನಿಂಬೆವ್ವ ಅತ್ತಳು. "ನೀ ಏನೂ ಕದ್ದಿಲ್ಲ ಅಂದಮ್ಯಾಲ ತಲಿ ಎತ್ತಿಕೊಂಡು ತಿರುಗಾಡಬೇಕೋ! ಯಾರ ಮುಂದೂ ತಗ್ಗಿಸಬ್ಯಾಡ!"

"ಹೂಂ ಅವ್ವಾ."

ಅಡಿವೆಪ್ಪ ತಲಿ ಎತ್ತಿಕೊಂಡು ಓಣ್ಯಾಗ ಹೊಂಟ. ಗದ್ದ ಮುಗಿಲಿಗೆ, ನೋಟ ಗಾಜಿನ ಕೆಳಗಿನ ಭಾಗದಿಂದ. ಅಲ್ಲಿಂದ ನೋಡಿದ್ರ ಎಲ್ಲಾ ಮಂಜು ಮಂಜು. ಓಣಿ ತುಂಬ ನೇಕಾರ ಮಾಗುಂಡಪ್ಪ ಮಗ್ಗಕ್ಕ ಏರಸೋ ಹಾಸು ಚಾಚಿದ್ದ, ಸಾವಿರ ಎಳಿ. ಅಡಿವೆಪ್ಪ ತಲಿ ಎತ್ತಿಕೊಂಡೇ ಅದರಾಗ ಹಾಯ್ದ! ಫಟ್! ಫಟ್! ಫಟ್!

"ನನ್ನ ಎಂಟು ದಿನದ ದುಡಿಮಿ!" ಅಂತ ಮಾಗುಂಡಪ್ಪ ಬಾಯಿ ಬಡಕೊಂಡ.

ನಿಂಬೆವ್ವ ಮಗನ್ನ ಎಳಕೊಂಡು ಮತ್ತ ದಸ್ತಗೀರಸಾಬನ ಹತ್ತರ ಹೋದಳು. ಅಂವ ಸಮಾಧಾನಲೆ ಹೇಳಿದ: "ತಲಿ ಎತ್ತೋದೂ ಬ್ಯಾಡ, ತಗ್ಗಿಸೋದೂ ಬ್ಯಾಡಪಾ. ಕಣ್ಣ ಹೊರಳಿಸಿದ್ರ ಅಂಚಿನ್ಯಾಗ ಮಸುಕು ಕಾಣತೈತಿ. ಏನು ನೋಡಬೇಕೋ ಅದರ ಕಡೆ ಮೂಗು ತಿರುಗಿಸು. ಅಷ್ಟ."

"ಹೂಂ ಸಾಬರ."

ಬಾಜೂಮನಿ ಗಂಡ ಹೆಂಡತಿ ಜಗಳಾಡತಿದ್ರು. ಅಡಿವೆಪ್ಪ ಹೊಸ್ತಿಲದಾಗ ನಿಂತ. ಗಂಡ ಮಾತಾಡಿದ್ರ ಅಂವನ ಕಡೆ ಮೂಗು. ಹೆಂಡತಿ ಮಾತಾಡಿದ್ರ ಆಕಿ ಕಡೆ ಮೂಗು. ಅತ್ತ ಮೂಗು, ಇತ್ತ ಮೂಗು!

"ನಮ್ಮ ಸಂಸಾರದಾಗ ಮೂಗು ತೂರಸ್ತೀಯೇನಲೇ!" ಅಂತ ಇಬ್ಬರೂ ಜಗಳ ಬಿಟ್ಟು ಇಂವನ್ನ ಬಡದ್ರು. ಬಡದು ನಿಂಬೆವ್ವನ ಬಾಗಿಲಕ್ಕ ಬಂದ್ರು. ಮಾಗುಂಡಪ್ಪನೂ ಬಂದ.

"ಏ ಕುರುಡಿ, ನಿನ್ನ ಮಗನ್ನ ದನ ಕಟ್ಟಿದಂಗ ಕಟ್ಟಿಹಾಕು!"

ಅರವತ್ತೆಂಟು ವರ್ಷ ಆ ಓಣ್ಯಾಗ ಯಾರೂ ಆಕಿನ್ನ ಕುರುಡಿ ಅಂದಿದ್ದಿಲ್ಲ. ಮಂದಿ ಹೋದಮ್ಯಾಲ ಆಕಿ ಬಾಯಿಗೆ ಲಗಾಮು ಇರಲಿಲ್ಲ.

"ನಿನ್ನ ಹಡದ ಹೊಟ್ಟಿಗೆ ಬೆಂಕಿ ಹಚ್ಚ! ನೀ ನನ್ನ ಮಗ ಅಲ್ಲ, ನಾ ನಿಮ್ಮವ್ವ ಅಲ್ಲ! ಇನ್ನ ಮ್ಯಾಲ ನನ್ನ ಮಾರಿ ನೋಡಬ್ಯಾಡ!"

ಅಡಿವೆಪ್ಪ ಮಾರಿ ಆ ಕಡೆ ತಿರುಗಿಸಿದ. ಆಮ್ಯಾಲ, "ಹೂಂ ಅವ್ವಾ," ಅಂದ.

ಮರುದಿನ ತಾಲೂಕಿನ್ಯಾಗ ಕಣ್ಣಿನ ಶಿಬಿರ. ನಿಂಬೆವ್ವನ ಪೊರಿ ತಗಿಯೋ ದಿನ. ಅಡಿವೆಪ್ಪ ಆಕಿ ಕೈ ಹಿಡಕೊಂಡು ಟಂಟಂ ರಿಕ್ಷಾದಾಗ ಕೂಡಿಸಿದ, ಮೆಟ್ಟಲ ಹತ್ತಿಸಿದ. ಅಂವನ ಮಾರಿ ಮಾತ್ರ ಆ ಕಡೆ. ಆಕಿಗೆಲ್ಲಿ ಕಾಣಬೇಕು? ಹದಿನೈದು ದಿನ ಮುಗಿದಿದ್ವು, ಅಂವಗ ಚಾಳೀಸು ರೂಢಿ ಆಗಿತ್ತು. ದೂರದ ಫಲಕ ಓದಿದ, ಕೈಯಾಗಿನ ಚೀಟಿ ಓದಿದ, ಒಂದು ಮೆಟ್ಟಲನೂ ಎಡವಲಿಲ್ಲ. "ಅಡಿವ್ಯಾ, ಎಷ್ಟು ಛಲೋ ಓದತೀಯೋ!" ಅಂದಳು ನಿಂಬೆವ್ವ. ಪೊರಿ ತಗದಮ್ಯಾಲ ಮೊದಲ ಇಂವನ ಮಾರಿನ ನೋಡಬೇಕು, ನಿನ್ನೆ ಅಂದದ್ದು ತಪ್ಪಾತಪಾ ಅನ್ನಬೇಕು ಅಂತ ಮನಸಿನ್ಯಾಗ ಅನಕೊಂಡು ಒಳಗ ಹೋದಳು.

ಸಂಜಿಮುಂದ ಎಲ್ಲಾ ಮುದುಕೇರನ್ನೂ ಹೊರಗ ಉದ್ದನ ಬೆಂಚಿನ ಮ್ಯಾಲ ಕೂಡಿಸಿದ್ರು. ಎಲ್ಲಾರಿಗೂ ಒಂದ ನಮೂನಿ ಹಸರ ಬಟ್ಟಿ, ಕಣ್ಣಿಗೆ ಒಂದ ನಮೂನಿ ಪಟ್ಟಿ. ನರ್ಸಬಾಯಿ ಕೂಗಿದಳು: "ಅಡಿವೆಪ್ಪ! ನಿಮ್ಮವ್ವನ್ನ ನೋಡಿ ಕರಕೊಂಡು ಹೋಗ್ರಿ!"

ನೋಡಂಗಿಲ್ಲಲ್ಲ! ಅಡಿವೆಪ್ಪ ಗ್ವಾಡಿ ಕಡೆ ಮಾರಿ ಮಾಡಿ, ಹಿಂದಕ್ಕ ಕೈ ಚಾಚಿ, ಸಿಕ್ಕ ಒಂದು ಕೈ ಹಿಡಿದ.

ಬೆಂಚಿನ ಆ ತುದಿಗೆ ಕುಂತ ನಿಂಬೆವ್ವಗ ಮಗನ ದನಿ ಕೇಳಿಸಿತು. "ನಡಿ ಅವ್ವಾ, ಮನಿಗೆ ಹೋಗೋಣು."

ಯಾವಾಕಿದೋ ಮುದಿ ದನಿ ಅಂತು: "ತಮ್ಮಾ, ನಾ ನಿಮ್ಮವ್ವ ಅಲ್ಲಪಾ."

"ಗೊತ್ತೈತವ್ವಾ. ನಿನ್ನೆನ ಅಂದೀಯಲ್ಲ! ನಡಿ. ಬಿಸಿ ಗಂಜಿ ಕಾಸಿ ಕೊಡತೀನಿ."

ಆ ಮುದುಕಿಯನ್ನ ಕರಿಯಾಕ ಮುಂಜಾನಿಂದ ಯಾರೂ ಬಂದಿದ್ದಿಲ್ಲ. ಆಕಿ ಎರಡನೇ ಸಲ ಅಲ್ಲ ಅನ್ನಲಿಲ್ಲ. ಎದ್ದು ನಡದಳು.

"ಅಡಿವ್ಯಾ! ನಾ ಇಲ್ಲಿ ಅದೀನೋ!" ಅಂತ ನಿಂಬೆವ್ವ ಒದರಿದಳು.

ನರ್ಸಬಾಯಿ ಓಡಿ ಬಂದು ಆಕಿ ಹೆಗಲ ಹಿಡಿದು ಕೂಡಿಸಿದಳು. "ಅಜ್ಜಿ, ಒದರಬ್ಯಾಡ್ರಿ, ಕಣ್ಣಿಗೆ ಜೋರು ಬೀಳತೈತಿ! ಸುಮ್ಮನ ಕುಂದರ್ರಿ. ನಿಮ್ಮಾವ್ರು ಬರತಾರ."

ಹೊರಗ ಟಂಟಂ ಚಾಲೂ ಆತು.