ಗೀಟು ಹೊಡೆದ ಬೆಲೆ

"ಗುರುಗಳೇ, ಒಂದು ಒಗಟು. ಒಂದೇ ಜೋಡಿ ಸ್ಪೀಕರ್. ಮೂವತ್ತು ಸಾವಿರ ಅಂದರೆ ದುಬಾರಿ ಅಂತಾರೆ. ಐವತ್ತು ಬರೆದು, ಗೀಟು ಹೊಡೆದು, ಮೂವತ್ತೈದಕ್ಕೆ ಕೊಟ್ಟರೆ ಅಗ್ಗ ಅಂತ ಹೊತ್ಕೊಂಡು ಓಡ್ತಾರೆ. ಇದು ಹೇಗೆ?"

ಕೇಳಿದವನು ಗುರುಬಸವ. ಬರುವ ವಾರ ಪೇಟೆಯಲ್ಲಿ ಸ್ಪೀಕರ್ ಅಂಗಡಿ ತೆರೆಯುವವನು. ಚೀಟಿಯಲ್ಲಿ ಒಂದು ಬೆಲೆ ಬರೆಯಬೇಕೋ ಎರಡೋ ತಿಳಿಯದೆ ಮಠಕ್ಕೆ ಬಂದಿದ್ದ.

ಗುರು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನದೂ ಸ್ಪೀಕರ್ ಅಂಗಡಿಯೇ. ಚೀಟಿಯಲ್ಲಿ ಒಂದೇ ಬೆಲೆ ಬರೆಯುತ್ತಿದ್ದ. ಎದುರಂಗಡಿಯವನು ಎರಡು ಬರೆದು ಮೇಲಿನದಕ್ಕೆ ಕೆಂಪು ಗೀಟು ಹೊಡೆಯುತ್ತಿದ್ದ. ಜನ ಅಲ್ಲೇ ಮುಗಿಬೀಳುತ್ತಿದ್ದರು. ವ್ಯಾಪಾರಿಗೆ ಇನ್ನೊಂದು ತಿಂಗಳು ಹೀಗೇ ಹೋದರೆ ಬಾಗಿಲು ಹಾಕುವುದೇ ಗತಿ.

ಅಂಥ ದಿನ ಒಬ್ಬ ಗಿರಾಕಿ ಒಳಗೆ ಬಂದ. ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ಒಂದು ದೊಡ್ಡ ಜೋಡಿ, ಒಂದು ಚಿಕ್ಕ ಜೋಡಿ ಇಟ್ಟು ಒಂದೇ ಹಾಡು ಹಾಕಿದ.

"ಏನ್ರೀ ಅದು, ಗುಂಡಿ ಮೇಲೆ ಕೈಯಾಡಿಸ್ತಾ ಇದ್ದೀರಿ?"

"ಎರಡರ ಸದ್ದೂ ಸಮ ಮಾಡ್ತಿದ್ದೀನಿ ಸ್ವಾಮಿ. ಕೂದಲೆಳೆಯಷ್ಟು ಜೋರಾದರೂ ಸಾಕು, ಕಿವಿ ಅದನ್ನೇ ಒಳ್ಳೇದು ಅನ್ನತ್ತೆ. ನಿಮ್ಮ ಕೋಣೆ ಎಷ್ಟಿದೆ?"

"ಹತ್ತಡಿ, ಹನ್ನೆರಡಡಿ."

"ಹಾಗಾದರೆ ಚಿಕ್ಕದೇ ಸಾಕು."

ಗಿರಾಕಿಯ ಹುಬ್ಬು ಮೇಲೇರಿತು. ತನ್ನ ಗುಟ್ಟು ತಾನೇ ಬಿಟ್ಟುಕೊಡುವವನು ಇನ್ನೂ ದೊಡ್ಡ ಗುಟ್ಟು ಮುಚ್ಚಿಟ್ಟಿರಬೇಕು ಅಂದುಕೊಂಡ.

"ಚಿಕ್ಕದನ್ನೇ ಯಾಕ್ರೀ ದಾಟಿಸ್ತೀರಿ? ಒಳಗೆ ಕೊಳೀತಾ ಬಿದ್ದಿದೆಯೋ? ಆಗಲಿ, ಎಷ್ಟು ಬಿಡ್ತೀರಿ?"

ವ್ಯಾಪಾರಿಯ ನಾಲಿಗೆ ತುದಿಗೆ ಒಂದು ಸುಳ್ಳು ಬಂತು. ನುಂಗಿಕೊಂಡ. "ಚೀಟಿಯಲ್ಲಿ ಇರೋದೇ ಬೆಲೆ."

"ನೂರು ರೂಪಾಯಿನೂ ಬಿಡಲ್ಲ ಅಂದರೆ ಇದರಲ್ಲಿ ಎಷ್ಟು ನುಂಗ್ತೀರಪ್ಪಾ!"

ಅಂದವನು ರಸ್ತೆ ದಾಟಿದ. ಎದುರಂಗಡಿಯವನು ಕಾಫಿ ತರಿಸಿದ, ಬಾಗಿಲು ಓರೆ ಮಾಡಿದ, "ನಿಮಗೆ ಮಾತ್ರ ಈ ರೇಟು, ಯಾರ ಹತ್ತಿರವೂ ಬಾಯಿ ಬಿಡಬೇಡಿ" ಎಂದು ಪಿಸುಗುಟ್ಟಿದ. ದುಬಾರಿ ಜೋಡಿ ಹಾಡುವಾಗ ಗುಂಡಿ ಚೂರೇ ಚೂರು ಮೇಲಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೆ ಭಾರಿ ಪೆಟ್ಟಿಗೆಗಳು ಆಟೋ ಏರಿದವು. ವ್ಯಾಪಾರಿ ತನ್ನ ಬಾಗಿಲಲ್ಲಿ ನಿಂತು ನೋಡಿದ.

ಗಿರಾಕಿ ಮನೆಯಲ್ಲಿ ಆ ಸ್ಪೀಕರ್ ಹಾಕಿದ್ದೇ ತಡ, ಕಿಟಕಿ ಗಡಗಡ ನಡುಗಿತು. ಹಾಡಿನ ಒಂದು ಮಾತೂ ತಿಳಿಯಲಿಲ್ಲ. ಗಿರಾಕಿಗೆ ಬುದ್ಧಿ ಬಂತು. ಮರುದಿನವೇ ವ್ಯಾಪಾರಿಯ ಅಂಗಡಿಗೆ ಬಂದು ಕೈಮುಗಿದ, ಚಿಕ್ಕ ಜೋಡಿ ಕೊಂಡ, ಊರಿಗೆಲ್ಲ ಸಾರಿದ. ಒಂದೇ ಬೆಲೆಯ ಅಂಗಡಿಯ ಮುಂದೆ ಸಾಲು ನಿಂತಿತು.

ಗುರುಬಸವನ ಮುಖ ಅರಳಿತು. "ಇಷ್ಟು ಸಾಕು ಗುರುಗಳೇ! ನಾನೂ ಒಂದೇ ಬೆಲೆ ಬರೀತೀನಿ. ಆ ಪುಣ್ಯಾತ್ಮನ ಅಂಗಡಿ ಎಲ್ಲಿದೆ ಹೇಳಿ, ಒಮ್ಮೆ ನೋಡಿ ಬರ್ತೀನಿ."

ಗುರು ಶಾಲು ಸರಿಮಾಡಿಕೊಂಡರು.

"ಗಿರಾಕಿ ತಿರುಗಿ ಬಂದದ್ದು ನಾನು ಕಟ್ಟಿ ಹೇಳಿದ್ದಪ್ಪಾ, ನಿಜವಾಗಿ ಬಂದಿದ್ದರೆ ನಾನೇಕೆ ಅಂಗಡಿ ಮುಚ್ಚಿ ಈ ಮಠ ಸೇರುತ್ತಿದ್ದೆ?"