ಬಾಗಿಲ ಮೇಲಿನ ಗ್ರೀಸಿನ ಕೈ

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಕಾಶವ್ವ ಅಂತ ಒಬ್ಬಳಿದ್ದಳು, ಅವಳಿಗೆ ಅಡಿವೆಪ್ಪ ಅಂತ ಒಬ್ಬ ಮಗನಿದ್ದ. ಮಗ ಅಂದರೆ ಆಳೆತ್ತರದ ಮಗ, ಮೂವತ್ತು ದಾಟಿದವನು, ಮೀಸೆಯೂ ಇತ್ತು. ಬುದ್ಧಿಯೊಂದು ಮೀಸೆಯ ಜೊತೆ ಬೆಳೆದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅದೇ ಅವ್ವನ ಗೋಳು.

ಕಾಶವ್ವನ ಗಂಡ ಫಕ್ಕೀರಪ್ಪ ಟರ್ನರ್. ಮೂವತ್ತು ವರ್ಷ ಇನ್ನೊಬ್ಬರ ಲೇತು ಯಂತ್ರದ ಮುಂದೆ ನಿಂತು, ಕಬ್ಬಿಣ ತಿರುಗಿಸಿ ತಿರುಗಿಸಿ ಕಡೆದ. "ನಂದೂ ಒಂದು ಲೇತು ಪಡಸಾಲ್ಯಾಗ ಗುಂಯ್ ಅಂತಿರಬೇಕು, ನೀ ಒಳಗ ರೊಟ್ಟಿ ಬಡೀತಿರಬೇಕು" ಅನ್ನುತ್ತಿದ್ದ. ಲೇತು ಬರುವ ಮೊದಲೇ ಹೋಗಿಬಿಟ್ಟ, ಪುಣ್ಯಾತ್ಮ. ಇದ್ದಾಗ ಸಂಜೆ ಬಂದವನೇ ಗ್ರೀಸಿನ ಕೈಯಲ್ಲಿ ಸಿಕ್ಕಿದ್ದೆಲ್ಲ ಮುಟ್ಟುತ್ತಿದ್ದ. "ಎಷ್ಟು ಸಲ ಹೇಳಬೇಕು, ಕೈ ತೊಳಕೊಂಡು ಒಳಗ ಬರ್ರಿ!" ಅಂತ ಕಾಶವ್ವ ದಿನಾ ಬೈದು, ದಿನಾ ತಿಕ್ಕುತ್ತಿದ್ದಳು. ಈಗ ನೀಲಿ ಬಾಗಿಲ ಮೇಲೆ ಒಂದೇ ಒಂದು ಗುರುತು ಉಳಿದಿತ್ತು: ಐದು ಬೆರಳಿನ ಕರೀ ಕೈ. ಹೋಗುವಾಗ ಬರುವಾಗ ಅವಳು ಅದನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರುತ್ತಿದ್ದಳು. ಹಬ್ಬಕ್ಕೆ ಮನೆಯೆಲ್ಲ ತೊಳೆದರೂ "ಬಾಗಿಲಿಗೆ ಮಾತ್ರ ನೀರು ಹಾಕಬ್ಯಾಡ" ಅಂತ ಮಗನಿಗೆ ಕಟ್ಟಪ್ಪಣೆ.

ಗಂಡ ಹೋದ ಎರಡನೇ ವರ್ಷ ಕಾಶವ್ವ ಲೇತು ತರಿಸಿಯೇಬಿಟ್ಟಳು. ಸಣ್ಣದು, ಆದರೆ ಹೊಚ್ಚಹೊಸದು. ತುಕ್ಕು ಹಿಡಿಯದಿರಲಿ ಅಂತ ಮೈತುಂಬ ಗ್ರೀಸು ಮೆತ್ತಿದ್ದರು. ಫಕ್ಕೀರಪ್ಪನ ಜೊತೆ ದುಡಿದ ಮೌಲಾಸಾಬ ಆಳು ಕರೆತಂದು, ಪಡಸಾಲೆಯ ಮೇಜಿನ ಮೇಲೆ ಇಡಿಸಿದ.

"ಸಂಜೀಕ ಬಂದು ಚಾಲೂ ಮಾಡ್ತೀನಿ ವೈನಿ. ಅಷ್ಟರಾಗ ಮಟ್ಟ ನೋಡಿ, ಗ್ರೀಸು ತೆಗೆದು ಇಟ್ಟಿರ್ರಿ."

ಸಂಜೆಗೆ ಆ ಗುಂಯ್ ಅನ್ನೋ ಸದ್ದು ತನ್ನ ಮನೆಯಲ್ಲಿ! ಕಾಶವ್ವನ ಜೀವ ತುದಿಗಾಲಲ್ಲಿ ನಿಂತಿತು.

"ಅಡಿವೆಪ್ಪಾ, ಲೇತು ಸಮ ಕುಂತೈತೋ ಇಲ್ಲೋ, ಮ್ಯಾಲ ರಸಮಟ್ಟ ಇಟ್ಟು ನೋಡು. ಅದರ ಗಾಜಿನ್ಯಾಗಿನ ಗುಳ್ಳಿ ನಟ್ಟನಡುವ ಬರಬೇಕು. ಬರೋತನಕ ಬಿಡಬ್ಯಾಡ!"

ಅವಳು ಚಹಾ ಕಾಸಿ ತಂದರೆ, ಮಗ ರಸಮಟ್ಟದ ಒಂದು ತುದಿಯನ್ನು ಬೆರಳಲ್ಲಿ ಎತ್ತಿ ಹಿಡಿದು, ಉಸಿರು ಬಿಗಿದು ನಿಂತಿದ್ದ.

"ಗುಳ್ಳಿ ನಡುವ ಬಂತು ಯವ್ವಾ! ಬೆರಳು ತೆಗೆದ್ರ ಓಡಿಹೋಗ್ತೈತಿ!"

"ಏ ಖೋಡಿ! ಎತ್ತಬೇಕಾದ್ದು ಮಟ್ಟಾನಲ್ಲೋ, ಲೇತು! ಅದರ ಕಾಲಿನ ಕೆಳಗ ತಗಡು ಕೊಡಬೇಕು!" ಅಂತ ತಾನೇ ತಗಡು ತುರುಕಿದಳು. "ಇನ್ನ ಅದರ ಮೈ ತೊಳಿ. ಕೂಸಿಗೆ ಎರೆದಂಗ, ಒಂದು ಸಂದೀನೂ ಬಿಡಬ್ಯಾಡ!"

ಕೂಸಿಗೆ ಎರೆದಂತೆ ತಾನೆ? ಅಡಿವೆಪ್ಪ ನೀರು ಕಾಸಿದ, ಶೀಗೆಪುಡಿ ಕಲಸಿದ, ಲೇತಿಗೆ ನಾಲ್ಕು ಕೊಡ ಎರೆದ. ಮೇಲೆ ಲೋಬಾನದ ಹೊಗೆ ಬೇರೆ ಹಾಕಿದ. ಅವ್ವ ಬಂದು ಎದೆ ಎದೆ ಬಡಿದುಕೊಂಡಳು.

"ಕಬ್ಬಿಣಕ್ಕ ನೀರು ಸುರೀತಾರೇನೋ! ತುಕ್ಕು ತಿಂದುಹಾಕ್ತೈತಿ! ನೀರಲ್ಲೋ, ಎಣ್ಣಿ! ತಿರುಗೋದು ಏನೇನೈತಿ, ಎಲ್ಲಾದಕ್ಕೂ ಎಣ್ಣಿ ಬಿಡಬೇಕು!"

ಹಳೇ ಸೀರೆಯಿಂದ ಲೇತನ್ನು ಒರಸಿ ಒಣಗಿಸಿ, ಗ್ರೀಸು ಬಿಡಿಸಲಿಕ್ಕೆ ಸೀಮೆಎಣ್ಣೆ ತರಲು ಹೋದಳು. ಅಡಿವೆಪ್ಪ ಲೇತಿನಲ್ಲಿ ತಿರುಗುವುದಕ್ಕೆಲ್ಲ ಎಣ್ಣೆ ಬಿಟ್ಟ. ಎಣ್ಣೆ ಇನ್ನೂ ಉಳಿದಿತ್ತು. ಬೀಸುವ ಕಲ್ಲೂ ತಿರುಗುತ್ತದಲ್ಲ! ಅದಕ್ಕೂ ಬಿಟ್ಟ.

"ಅಯ್ಯ ನಿನ್ನ! ಜ್ವಾಳದ ಹಿಟ್ಟೆಲ್ಲ ರಾಡಿ ಆತಲ್ಲೋ! ತಗೋ ಸೀಮೆಎಣ್ಣಿ, ತಗೋ ಅರಿವಿ! ಮನ್ಯಾಗ ಎಲ್ಲೆಲ್ಲಿ ಗ್ರೀಸು ಕಾಣ್ತೈತಿ, ಅಲ್ಲೆಲ್ಲ ಒರಸು! ಒಂದು ಕರೀ ಕಲಿ ಉಳೀಬಾರದು!"

ಅಷ್ಟು ಹೇಳಿ, ಪೂಜೆಗೆ ಅಂತ ಇಳಕಲ್ ಸೀರೆ ಉಟ್ಟು, ಹೂವು ಕಾಯಿ ತರಲು ಹೋದಳು. ತಿರುಗಿ ಬಂದಾಗ ರೂಢಿಯಂತೆ ಅವಳ ಕೈ ಬಾಗಿಲಿಗೆ ಹೋಯಿತು. ಬಾಗಿಲು ಒದ್ದೆಯಾಗಿತ್ತು. ಕೈ ಇರಲಿಲ್ಲ. ಒಳಗೆ ಲೇತು ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಬಾಗಿಲು... ಬಾಗಿಲು ಯಾಕ ಒರಸಿದ್ಯೋ?"

"ಗ್ರೀಸಿತ್ತಲ್ಲ ಯವ್ವಾ! ನೀರು ಹಾಕಬ್ಯಾಡ ಅಂದಿದ್ದಿ, ನಾ ಹಾಕಿಲ್ಲ. ಬರೇ ಸೀಮೆಎಣ್ಣಿ!"

ಕಾಶವ್ವ ಹೊರಗೆ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳಿಗೆ ಲೇತು ಬೇಡವಾಗಿತ್ತು, ಪೂಜೆ ಬೇಡವಾಗಿತ್ತು, ಆ ಕೈ ಬೇಕಾಗಿತ್ತು. ಬೈಯದ ಅವ್ವನನ್ನು ನೋಡಿ ಅಡಿವೆಪ್ಪ ಹೆದರಿದ.

"ಈಗ ಏನು ಮಾಡ್ಲಿ? ಹೇಳ ಯವ್ವಾ, ಹೇಳಿದಂಗ ಮಾಡ್ತೀನಿ!"

"ನಿಮ್ಮಪ್ಪ ಇದ್ದಾಗ ಮನಿ ಹ್ಯಾಂಗಿತ್ತು, ಹಂಗ ಮಾಡು ಹೋಗು. ಮಾಡ್ತೀಯೇನು?"

"ಮಾಡ್ತೀನಿ!" ಅಂತ ಒಳಗೆ ಓಡಿದ.

ಸಂಜೆಗೆ ಮೌಲಾಸಾಬ ಬಂದ. ಕಟ್ಟೆಯ ಮೇಲೆ ಕೂತವಳನ್ನು ಕರೆದ, ಅವಳು ಏಳಲಿಲ್ಲ. ಒಳಗೆ ಹೋಗಿ ಗುಂಡಿ ಒತ್ತಿದ. ಗುಂಯ್ ಅಂತು ಲೇತು. ಆ ಸದ್ದಿಗೆ ಕಾಶವ್ವ ತಡೆಯಲಾರದೆ ಎದ್ದು ಒಳಗೆ ಬಂದಳು. ನೋಡುತ್ತಾಳೆ, ಬಾಗಿಲ ಮೇಲೆ ಗ್ರೀಸಿನ ಕೈ! ನೀರಿನ ಕೊಡದ ಮೇಲೆ ಗ್ರೀಸಿನ ಕೈ! ಉಪ್ಪಿನ ಡಬ್ಬಿ, ಕನ್ನಡಿ, ಬಿಳಿ ಟವೆಲ್ಲು, ರೊಟ್ಟಿ ಬುಟ್ಟಿ, ಫಕ್ಕೀರಪ್ಪ ಎಲ್ಲೆಲ್ಲಿ ಮುಟ್ಟುತ್ತಿದ್ದನೋ ಅಲ್ಲೆಲ್ಲ ಕೈ, ಕೈ, ಕೈ! ನಡುವೆ ಅಡಿವೆಪ್ಪ, ಒರಸಿದ ಅರಿವೆಯ ಗ್ರೀಸನ್ನೆಲ್ಲ ಎರಡೂ ಕೈಗೆ ಬಳಿದುಕೊಂಡು ನಿಂತಿದ್ದ.

"ಇನ್ನೊಂದು ಉಳದೈತಿ ಯವ್ವಾ. ಅಪ್ಪ ಕಡೀಕ ಇಲ್ಲಿ ಒರಸ್ತಿದ್ದ."

ಅಂದವನೇ ಅವಳ ಇಳಕಲ್ ಸೀರೆಯ ಸೆರಗು ಹಿಡಿದು ಎರಡೂ ಕೈ ಒರಸಿದ. ಕಾಶವ್ವನಿಗೆ ಅಳುವೂ ಬಂತು, ಸಿಟ್ಟೂ ಬಂತು, ಬಾಯಿಗೆ ಹಳೇ ಮಾತೇ ಬಂತು.

"ಎಷ್ಟು ಸಲ ಹೇಳಬೇಕು, ಕೈ ತೊಳಕೊಂಡು ಒಳಗ ಬರ್ರಿ!"

ಅವ್ವ 'ಬರ್ರಿ' ಅಂತ ಕರೆಯುತ್ತಿದ್ದುದು ಅಪ್ಪನೊಬ್ಬನನ್ನೇ, ಅಡಿವೆಪ್ಪನಿಗೆ ಅಷ್ಟು ಗೊತ್ತಿತ್ತು. ಓಡಿಹೋಗಿ ಬಾಗಿಲನ್ನು ಪೂರ್ತಿ ತೆರೆದ. ತಂಬಿಗೆಯಲ್ಲಿ ನೀರು ತುಂಬಿಕೊಂಡು, ಬರುವವರ ಕೈಗೆ ಹಾಕಲು ಹೊಸ್ತಿಲಲ್ಲಿ ನಿಂತ. ಲೇತು ಗುಂಯ್ ಅನ್ನುತ್ತಲೇ ಇತ್ತು. ಕಾಶವ್ವ ಮಗನನ್ನು ಒಳಗೆ ಕರೆಯಲಿಲ್ಲ. ಅವಳೂ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡುತ್ತ ನಿಂತಳು.