ಸುಟ್ಟಂತೆ ನಟಿಸಿದ ಊರು

ಒಂದಾನೊಂದು ಊರಿನಲ್ಲಿ, ಊರಿಗಿಂತ ಮೊದಲು ಅದರ ಹೊಗೆ ಕಾಣುತ್ತಿದ್ದ ಊರಿನಲ್ಲಿ, ಮಾಗಿ ಹಬ್ಬ ಬಂತೆಂದರೆ ಬೆಂಕಿಯೂ ಬರುತ್ತಿತ್ತು. ಕರೆಯದೆ ಬರುತ್ತಿತ್ತು. ಒಂದು ವರ್ಷ ಮೇಲಿನ ಕೇರಿಗೆ, ಇನ್ನೊಂದು ವರ್ಷ ಕೆಳಗಿನ ಕೇರಿಗೆ. ಯಾವುದಾದರೂ ಹುಲ್ಲುಮನೆ ಹೊಕ್ಕು, ಹೊಟ್ಟೆ ತುಂಬ ಉಂಡು ಹೋಗುತ್ತಿತ್ತು.

ಹೋದ ವರ್ಷ ದ್ಯಾವಮ್ಮನ ಮನೆಗೆ ಬಂದಿತ್ತು. ದ್ಯಾವಮ್ಮ ಹಬ್ಬದ ದೀಪ ಹಚ್ಚಿಟ್ಟು ಬಾವಿಗೆ ಹೋಗಿದ್ದಳು. ಕೊಡ ತುಂಬಿಸಿಕೊಂಡು ಬರುವಷ್ಟರಲ್ಲಿ ಮನೆಯೂ ಇರಲಿಲ್ಲ, ಒಳಗೆ ಮಲಗಿದ್ದ ಮಗಳು ಮುದ್ದಿಯೂ ಇರಲಿಲ್ಲ. ಊರವರು ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಕೊಟ್ಟರು. ಮಗಳನ್ನು ಕಟ್ಟಿಕೊಡಲು ಯಾರಿಗೂ ಬರುತ್ತಿರಲಿಲ್ಲ. ದ್ಯಾವಮ್ಮನಿಗೆ ಒಂದೇ ಒಂದು ಪ್ರಶ್ನೆ ಉಳಿಯಿತು. ಮುದ್ದಿ ನನ್ನನ್ನು ಕರೆದಳೋ, ಇಲ್ಲವೋ? ಆಗ ಅಲ್ಲಿದ್ದದ್ದು ಬೆಂಕಿ ಮಾತ್ರ. ಆದ್ದರಿಂದ ಬೆಂಕಿಯನ್ನೇ ಕೇಳಬೇಕು.

ಆ ಊರಿನ ರಾಜನಿಗೆ ಇದಕ್ಕಿಂತ ದೊಡ್ಡ ದುಃಖವಿತ್ತು. ಹಬ್ಬದ ಕಜ್ಜಾಯ ಪ್ರತಿ ವರ್ಷವೂ ಹೊಗೆ ವಾಸನೆ ಹೊಡೆಯುತ್ತಿತ್ತು.

"ಈ ಸಲ ಒಂದು ಮನೆಯೂ ಸುಡಕೂಡದು," ಎಂದ ರಾಜ.

ಮಂತ್ರಿ ಕೈಮುಗಿದು ಕೇಳಿದ: "ಮಹಾಪ್ರಭು, ಉಂಡ ಎಲೆಯಲ್ಲಿ ಯಾರಾದರೂ ಮತ್ತೆ ಉಣ್ಣುತ್ತಾರೆಯೇ?"

"ಛೀ, ಇಲ್ಲ."

"ಹಾಗೆಯೇ ಸುಟ್ಟ ಮನೆಯನ್ನು ಬೆಂಕಿ ಮತ್ತೆ ಸುಡುವುದಿಲ್ಲ. ಎಲ್ಲ ಮನೆಗಳೂ ಆಗಲೇ ಸುಟ್ಟುಹೋದಂತೆ ಕಾಣಲಿ."

ರಾಜನಿಗೆ ಇದು ಬಹಳ ಹಿಡಿಸಿತು. ಡಂಗುರ ಹೊಡೆಸಿದ. ಜನ ಇದ್ದಿಲು ಅರೆದು ಗೋಡೆಗೆ ಬಳಿದರು. ಮಾಗಿಯ ಮಂಜಿಗೆ ತೊಳೆದುಹೋಗಬಾರದೆಂದು ಎಣ್ಣೆಯಲ್ಲಿ ಕಲಸಿ ಬಳಿದರು. ಬೆಂಕಿಗೆ ಈ ಕಪ್ಪು ಬಣ್ಣ ಚೆನ್ನಾಗಿ ಕಾಣಲೆಂದು ಹುಲ್ಲಿನ ಚಾವಣಿಯ ಕೆಳಗೆ ಸಾಲಾಗಿ ದೀಪ ಇಟ್ಟರು. ಇನ್ನು, ಸುಟ್ಟ ಮನೆ ಸುಮ್ಮನಿದ್ದರೆ ಬೆಂಕಿಗೆ ಅನುಮಾನ ಬರುತ್ತದೆ. ಆದ್ದರಿಂದ ಎಲ್ಲರೂ ಅಳಬೇಕು. ಅಳುವನ್ನು ಪರೀಕ್ಷಿಸಲು ರಾಜ ಒಬ್ಬ ಗೋಳಾಧಿಕಾರಿಯನ್ನು ನೇಮಿಸಿದ. ಅತ್ತ ಮನೆ ಸುಟ್ಟ ಮನೆ, ಅಳದ ಮನೆ ಸುಡದ ಮನೆ. ಇದು ಕಾನೂನು.

ಅಳುವುದನ್ನು ಕಲಿಸಲು ದ್ಯಾವಮ್ಮನನ್ನೇ ಕರೆದರು. ಅನುಭವ ಇದ್ದದ್ದು ಅವಳಿಗೆ ತಾನೆ. ದ್ಯಾವಮ್ಮ ಜಗಲಿಯ ಮೇಲೆ ಬಂದು ಕೂತಳು. ಜನ ಅವಳ ಮುಖವನ್ನೇ ನೋಡುತ್ತ ಕಾದರು. ಅವಳು ಸುಮ್ಮನೆ ಕೂತೇ ಇದ್ದಳು.

"ಏನೇ ದ್ಯಾವಮ್ಮ, ಅಷ್ಟೂ ಬರಲ್ವಾ?" ಎಂದಳು ಪಕ್ಕದ ಮನೆಯ ಚೌಡಕ್ಕ. "ನನ್ನ ನೋಡು." ಚೌಡಕ್ಕ ಎದೆ ಬಡಿದುಕೊಂಡು, "ಅಯ್ಯೋ ನನ್ನ ರೇಷ್ಮೆ ಸೀರೆಯೇ! ಉಡುವ ಮೊದಲೇ ಹೋದೆಯಲ್ಲೇ!" ಎಂದು ರಾಗ ಎಳೆದಳು. ಎಮ್ಮೆಗಳು ಕಟ್ಟಿದ್ದ ಹಗ್ಗ ಕಿತ್ತುಕೊಂಡು ಓಡಿದವು.

"ಇದು ಅಳು!" ಎಂದ ಗೋಳಾಧಿಕಾರಿ. ಆಮೇಲೆ ದ್ಯಾವಮ್ಮನ ಕಡೆ ತಿರುಗಿದ. "ನಿನ್ನ ಮನೆ ಸುಟ್ಟೇ ಇಲ್ಲ."

"ಹೋದ ವರ್ಷ ಸುಟ್ಟಿತು, ಸ್ವಾಮಿ."

"ಅತ್ತೆಯಾ?"

"ಇಲ್ಲ."

"ಹಾಗಾದರೆ ಸುಟ್ಟಿಲ್ಲ."

ದ್ಯಾವಮ್ಮ ಮನೆಗೆ ಹೋದಳು. ಗೋಡೆಗೆ ಇದ್ದಿಲು ಬಳಿಯಲಿಲ್ಲ. ದೀಪವನ್ನೂ ಹಚ್ಚಲಿಲ್ಲ. ಬಾಗಿಲು ತೆರೆದಿಟ್ಟು ಹೊಸ್ತಿಲ ಬಳಿ ಕಾಯುತ್ತ ಕೂತಳು.

ಹಬ್ಬದ ದಿನ ಹೊತ್ತು ಮುಳುಗುವಾಗ ಬೆಂಕಿ ಬಂತು. ಕಾಲಿಲ್ಲದ್ದರಿಂದ ಅದಕ್ಕೆ ಚಪ್ಪಲಿ ಬಿಡುವ ತಾಪತ್ರಯವಿರಲಿಲ್ಲ. ನೇರ ಒಳಗೆ ಬಂತು.

"ಬಾಪ್ಪಾ," ಎಂದಳು ದ್ಯಾವಮ್ಮ. "ನನ್ನ ಗುರುತು ಸಿಕ್ತಾ?"

"ಇಲ್ವಲ್ಲ ತಾಯಿ."

"ಹೋದ ವರ್ಷ ನೀನು ಇಲ್ಲಿಗೇ ಬಂದಿದ್ದೆ."

"ಬಂದಿರಬಹುದು. ಹಬ್ಬದ ಕಾಲ, ಎಷ್ಟೋ ಮನೆ ಸುತ್ತಬೇಕು."

"ಒಳಗೆ ಒಂದು ಹುಡುಗಿ ಮಲಗಿದ್ದಳು. ಎರಡು ಜಡೆ. ಅಮ್ಮಾ ಅಂತ ಕರೆದಳಾ?"

ಬೆಂಕಿ ಯೋಚಿಸಿತು. ಯೋಚಿಸುತ್ತ ಯೋಚಿಸುತ್ತ ಬತ್ತಿಯಷ್ಟು ಸಣ್ಣದಾಗಿ ನೀಲಿಯಾಯಿತು.

"ನನಗೆ ಕೇಳಿಸಲ್ಲ ತಾಯಿ. ಉಣ್ಣುವಾಗ ನನ್ನ ಚಟಪಟ ಸದ್ದೇ ನನಗೆ ಹೆಚ್ಚು. ನನಗೆ ಗೊತ್ತಿರೋದು ಹುಲ್ಲು, ಮರ, ಬಟ್ಟೆ. ಅದರಲ್ಲಿ ಹುಡುಗಿ ಯಾವುದು ಅಂತ ತಿಳಿಯಲ್ಲ."

"ನೆನಪು ಮಾಡ್ಕೋ. ಕೈಮುಗೀತೀನಿ."

"ನೆನಪನ್ನ ಎಲ್ಲಿಡಲಿ? ನಾನು ಇಟ್ಟಿದ್ದೆಲ್ಲ ಉರಿದುಹೋಗುತ್ತೆ."

ದ್ಯಾವಮ್ಮ ಮುಗಿದ ಕೈಗಳನ್ನು ಕೆಳಗಿಳಿಸಿದಳು. ಬೆಂಕಿ ಸುತ್ತ ನೋಡಿತು. ದೀಪವಿಲ್ಲ, ಎಣ್ಣೆಯಿಲ್ಲ, ಕೂರಲು ಜಾಗವಿಲ್ಲ. ಬೀದಿಯ ಕಡೆ ಇಣುಕಿತು.

"ಅಬ್ಬಾ! ಇದ್ಯಾರು ಇಷ್ಟು ಅಡುಗೆ ಮಾಡಿಟ್ಟವರು? ಇದ್ದಿಲಿಗೆ ಎಣ್ಣೆ ಕಲಸಿ, ಪಕ್ಕದಲ್ಲೇ ದೀಪ ಬೇರೆ!"

"ಅಲ್ಲಿಗೆ ಹೋಗಬೇಡ," ಎಂದಳು ದ್ಯಾವಮ್ಮ. "ಅವೆಲ್ಲ ನೀನು ಸುಟ್ಟ ಮನೆಗಳೇ."

"ನೆನಪಿರಲ್ಲ ಅಂತ ಈಗ ತಾನೆ ಹೇಳಿದ್ನಲ್ಲ ತಾಯಿ," ಎಂದು ಬೆಂಕಿ ಬೀದಿಗಿಳಿಯಿತು.

ದ್ಯಾವಮ್ಮ ಓಡಿದಳು. "ಬೆಂಕಿ! ಬೆಂಕಿ! ಹೊರಗೆ ಬನ್ನಿ!" ಎಂದು ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಮನೆಮನೆಯಲ್ಲೂ ಜನ ಕಾನೂನಿನ ಪ್ರಕಾರ ದೊಡ್ಡ ದನಿಯಲ್ಲಿ ಅಳುತ್ತಿದ್ದರು. ಅವಳು ಚೌಡಕ್ಕನ ಮನೆಗೆ ನುಗ್ಗಿ ಕೈ ಹಿಡಿದೆಳೆದಳು.

"ಈಗ ಬಂತೇನೇ ನಿನಗೆ ದನಿ?" ಎಂದಳು ಚೌಡಕ್ಕ. "ಆದರೂ ರಾಗ ಸಾಲದು. ಇನ್ನೂ ಸ್ವಲ್ಪ ಎಳಿ. ಅಯ್ಯೋ, ಸೆರಗು ಬಿಡೇ, ಹರಿಯುತ್ತೆ!"

ದ್ಯಾವಮ್ಮ ಬಿಡಲಿಲ್ಲ. ಅಂಗಳಕ್ಕೆ ಎಳೆದು ತಂದಳು. ಚೌಡಕ್ಕ ಬೈಯುತ್ತಲೇ ಹಿಂದೆ ತಿರುಗಿ ನೋಡಿದಳು. ಅವಳ ಬಾಯಿ ಅಲ್ಲಿಗೇ ನಿಂತಿತು.

ದ್ಯಾವಮ್ಮ ಇನ್ನೊಂದು ಮನೆಗೆ ಓಡಿದಳು. ಆಮೇಲೆ ಮತ್ತೊಂದಕ್ಕೆ. ಆಮೇಲೆ ಓಡಲು ಮನೆಗಳು ಉಳಿಯಲಿಲ್ಲ. ಹೊರಗೆ ಬಂದವರು ಬೀದಿಯಲ್ಲಿ ಕೂತರು. ಎಲ್ಲರೂ ಬಂದರೋ ಇಲ್ಲವೋ ಎಂದು ಎಣಿಸುವ ಧೈರ್ಯ ಯಾರಿಗೂ ಬರಲಿಲ್ಲ. ಯಾರೂ ಅಳಲಿಲ್ಲ.

ಗೋಳಾಧಿಕಾರಿ ಬಂದ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಿವಿಗೊಟ್ಟು ನಡೆದ. ಒಂದು ಬಿಕ್ಕಳಿಕೆಯೂ ಇಲ್ಲ. ಅರಮನೆಗೆ ಹೋಗಿ ಅಡ್ಡಬಿದ್ದು ಹೇಳಿದ: "ಮಹಾಪ್ರಭು, ಈ ವರ್ಷ ಊರಿನಲ್ಲಿ ಒಂದು ಮನೆಯೂ ಸುಟ್ಟಿಲ್ಲ."

ರಾಜ ಕಜ್ಜಾಯ ಮುರಿದು ಬಾಯಿಗಿಟ್ಟ. "ಹೊಗೆ ವಾಸನೆ ಬರುತ್ತಿದೆಯಲ್ಲ?"

"ಅದು ಹೋದ ವರ್ಷದ್ದು, ಪ್ರಭು."

ರಾಜ ಇನ್ನೊಂದು ಕಜ್ಜಾಯ ತೆಗೆದುಕೊಂಡ.

ಇತ್ತ ಬೀದಿಯಲ್ಲಿ ಚೌಡಕ್ಕ ದ್ಯಾವಮ್ಮನ ಹತ್ತಿರ ಸರಿದು ಕೂತಳು. ಕೇಳಿದಳು: "ದ್ಯಾವಿ, ಇನ್ನು ಏನು ಮಾಡಬೇಕು?"

"ಗೊತ್ತಿಲ್ಲ, ಚೌಡಕ್ಕ," ಎಂದಳು ದ್ಯಾವಮ್ಮ. "ನಾನೂ ಹೋದ ವರ್ಷದಿಂದ ಅದನ್ನೇ ನೋಡ್ತಾ ಇದೀನಿ."

ಈ ಕತೆಯ ನೀತಿ ಏನೆಂದರೆ, ಯಾರೂ ಅಳದಿದ್ದರೆ ಯಾವ ಊರೂ ಸುಡುವುದಿಲ್ಲ. ಕೇಳಿದವರು ದೀಪ ಆರಿಸಿ ಎದ್ದುಹೋಗಿ. ಕತೆ ಕತ್ತಲಲ್ಲಿ ಇಲ್ಲೇ ಕೂತಿರುತ್ತದೆ.